ಅಡೆಲ್ಕಿ ನೆಗ್ರಿ (1876–1912): ನಾಯಿ ಮತ್ತು ಬೆಕ್ಕುಗಳಲ್ಲಿ ರೇಬಿಸ್ ಪತ್ತೆ ಪರೀಕ್ಷೆಗೆ ಬುನಾದಿ ಹಾಕಿದ ವಿಜ್ಞಾನಿ

ನಾಯಿ ಅಥವಾ ಬೆಕ್ಕು ಕಚ್ಚಿದ ಪ್ರಕರಣಗಳಲ್ಲಿ ಪಶುವೈದ್ಯ ಸಂಸ್ಥೆಗೆ ಬರುವ ಸಾರ್ವಜನಿಕರು ಮೊದಲು ಕೇಳುವ ಪ್ರಶ್ನೆ, ಆ ಪ್ರಾಣಿಗೆ ರೇಬಿಸ್ ಇತ್ತೇ ಇಲ್ಲವೇ ಎಂಬುದಾಗಿರುತ್ತದೆ. ರೋಗಲಕ್ಷಣಗಳು ಕಾಣಿಸಿಕೊಂಡ ನಂತರ ಈ ಕಾಯಿಲೆಯು ಮನುಷ್ಯರಲ್ಲಿಯೂ ಪ್ರಾಣಿಗಳಲ್ಲಿಯೂ ಬಹುತೇಕ ಮಾರಣಾಂತಿಕವಾಗಿರುವುದರಿಂದ ಈ ಪ್ರಶ್ನೆಗೆ ಶೀಘ್ರವಾಗಿ ಉತ್ತರ ದೊರಕುವುದು ಅತ್ಯಗತ್ಯ. ಪ್ರಯೋಗಾಲಯದಲ್ಲಿ ಕೆಲವೇ ಗಂಟೆಗಳಲ್ಲಿ ಈ ಉತ್ತರ ಕೊಡಲು ಸಾಧ್ಯವೆಂದು ತೋರಿಸಿಕೊಟ್ಟವರು ಇಟಲಿ ದೇಶದ ವೈದ್ಯ ಅಡೆಲ್ಕಿ ನೆಗ್ರಿ. ಪಶುವೈದ್ಯಕೀಯ ಹಾಗೂ ವೈದ್ಯಕೀಯ ವಿದ್ಯಾರ್ಥಿಗಳು ಇಂದಿಗೂ ಓದುವ ನೆಗ್ರಿ ಕಾಯಗಳು ಇವರ ಹೆಸರನ್ನೇ ಹೊತ್ತಿವೆ. ಪರೀಕ್ಷೆಗಾಗಿ ಮಾದರಿ ಸಲ್ಲಿಸಲು ಇಚ್ಛಿಸುವವರ ತಿಳುವಳಿಕೆಗಾಗಿ ಇವರ ಜೀವನ ಮತ್ತು ಕಾರ್ಯದ ಸಂಕ್ಷಿಪ್ತ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ನೆಗ್ರಿಯವರು 1876ರ ಆಗಸ್ಟ್ 2ರಂದು ಮಧ್ಯ ಇಟಲಿಯ ಪೆರೂಜಿಯಾ ನಗರದಲ್ಲಿ ಜನಿಸಿದರು. ಉತ್ತರ ಇಟಲಿಯ ಪಾವಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ವ್ಯಾಸಂಗ ಮಾಡಿ 1900ರಲ್ಲಿ ಪದವಿ ಪಡೆದರು. ಆ ವಿಶ್ವವಿದ್ಯಾಲಯದಲ್ಲಿ ರೋಗಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು ಕ್ಯಾಮಿಲ್ಲೊ ಗಾಲ್ಗಿ. ಜೀವಕೋಶದ ಪಾಠದಲ್ಲಿ ಬರುವ ಗಾಲ್ಗಿ ಸಂಕೀರ್ಣದ ಮೂಲಕ ಅವರ ಹೆಸರು ನಮ್ಮ ಶಾಲಾ ಮಕ್ಕಳಿಗೂ ಪರಿಚಿತವಾಗಿದೆ. ನರಕೋಶಗಳಿಗೆ ಬಣ್ಣ ಹಾಕಿ ಅವುಗಳ ರಚನೆಯನ್ನು ಸ್ಪಷ್ಟವಾಗಿ ಕಾಣುವ ವಿಧಾನವನ್ನು ಕಂಡುಹಿಡಿದು, 1906ರಲ್ಲಿ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ವಿಜ್ಞಾನಿ ಅವರು. ನೆಗ್ರಿಯವರು ಇಂತಹ ಗುರುಗಳ ಪ್ರಯೋಗಾಲಯದಲ್ಲಿ ಸಹಾಯಕರಾಗಿ ಸೇರಿ ಸೂಕ್ಷ್ಮದರ್ಶಕದ ಕೆಲಸದಲ್ಲಿ ಪಳಗಿದರು.

ಆ ಕಾಲದ ಪತ್ತೆ ವಿಧಾನಗಳು

ಲೂಯಿ ಪಾಶ್ಚರ್ ಅವರು 1885ರ ಜುಲೈ 6ರಂದು ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ರೇಬಿಸ್ ನಿರೋಧಕ ಚುಚ್ಚುಮದ್ದು ನೀಡಲು ಆರಂಭಿಸಿದ್ದರು. ಹೀಗೆ ಚಿಕಿತ್ಸೆಗೆ ದಾರಿಯೇನೋ ತೆರೆದಿತ್ತು. ಆದರೆ ಕಚ್ಚಿದ ನಾಯಿಗೆ ನಿಜವಾಗಿಯೂ ರೇಬಿಸ್ ಇತ್ತೆಂದು ತಿಳಿಯುವ ಬಗೆ ತೀರ ದುರ್ಬಲವಾಗಿತ್ತು. ಆ ಬಾಲಕನನ್ನು ಕಚ್ಚಿದ ನಾಯಿಯನ್ನು ಕೊಂದು ಹೊಟ್ಟೆಯನ್ನು ಪರೀಕ್ಷಿಸಿದಾಗ ಹುಲ್ಲು ಮತ್ತು ಮರದ ಚೂರುಗಳು ಕಂಡುಬಂದವು. ತಿನ್ನಬಾರದ್ದನ್ನು ತಿಂದಿರುವ ಕಾರಣ ಅದಕ್ಕೆ ರೋಗವಿತ್ತೆಂದು ನಿರ್ಧರಿಸಲಾಯಿತು. ಇಂತಹ ಗುರುತುಗಳು ಸಂಶಯಕ್ಕೆ ಎಡೆಗೊಡುತ್ತವೆಯೇ ಹೊರತು ಖಚಿತ ಪುರಾವೆಯಾಗಲಾರವು.

ಇದಕ್ಕಿಂತ ನಂಬಿಕೆಗೆ ಅರ್ಹವಾದ ವಿಧಾನವೆಂದರೆ ಮೃತ ಪ್ರಾಣಿಯ ಮೆದುಳಿನ ಅಂಶವನ್ನು ಮೊಲದ ಮೆದುಳಿಗೆ ಸೇರಿಸಿ, ಮೊಲಕ್ಕೆ ರೋಗ ತಗಲುವುದೇ ಎಂದು ಕಾದುನೋಡುವುದು. ಇದಕ್ಕೆ ಸಾಮಾನ್ಯವಾಗಿ ಎರಡು-ಮೂರು ವಾರಗಳು ಹಿಡಿಯುತ್ತಿದ್ದವು. ಕಡಿತಕ್ಕೊಳಗಾದವರು ಅಷ್ಟು ಕಾಲವನ್ನು ಭೀತಿಯಲ್ಲಿಯೇ ಕಳೆಯಬೇಕಾಗಿತ್ತು. ಆಗಿನ ಚಿಕಿತ್ಸೆಯು ಹಲವು ದಿನಗಳ ಕಾಲ ನಡೆಯುತ್ತಿದ್ದು, ಅದಕ್ಕಾಗಿ ದೂರದ ಊರುಗಳಿಗೆ ಪ್ರಯಾಣ ಮಾಡಬೇಕಾಗಿತ್ತು. ಭಾರತದಲ್ಲಿ ಇಂತಹ ಚಿಕಿತ್ಸೆಗಾಗಿ 1900ರಲ್ಲಿ ಕಸೌಲಿಯಲ್ಲಿಯೂ, 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿಯೂ ಪಾಶ್ಚರ್ ಸಂಸ್ಥೆಗಳು ಆರಂಭವಾದವು. ಯಾರಿಗೆ ಚಿಕಿತ್ಸೆ ಅಗತ್ಯ ಎಂಬುದನ್ನು ಬೇಗ ಅರಿಯುವುದು ಎಲ್ಲ ದೇಶಗಳಲ್ಲಿಯೂ ಜೀವನ್ಮರಣದ ಪ್ರಶ್ನೆಯಾಗಿತ್ತು.

1903ರ ಶೋಧನೆ

ರೇಬಿಸ್ ರೋಗಾಣುವನ್ನು ಹುಡುಕುವ ಕಾರ್ಯವನ್ನು ಗಾಲ್ಗಿಯವರು ತಮ್ಮ ಶಿಷ್ಯ ನೆಗ್ರಿಯವರಿಗೆ ವಹಿಸಿದರು. ರೋಗವು ನರಮಂಡಲವನ್ನು ಆಶ್ರಯಿಸುತ್ತದೆ ಎಂಬುದು ಅದಾಗಲೇ ತಿಳಿದಿದ್ದುದರಿಂದ ನೆಗ್ರಿಯವರು ರೋಗಪೀಡಿತ ನಾಯಿ, ಬೆಕ್ಕು ಮತ್ತು ಮೊಲಗಳ ಮೆದುಳನ್ನು ತೆಳುವಾದ ಪದರಗಳಾಗಿ ಸೀಳಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ಪರಿಶೀಲಿಸಿದರು. ನರಕೋಶಗಳ ಒಳಗೆ ಗುಂಡಗಿನ ಅಥವಾ ಅಂಡಾಕಾರದ ಕಣಗಳು ಅವರ ಕಣ್ಣಿಗೆ ಬಿದ್ದವು. ಬಣ್ಣ ಹೀರಿಕೊಂಡಾಗ ಅವು ಕೆಂಪಗೆ ಎದ್ದು ಕಾಣುತ್ತಿದ್ದವು. ಅವುಗಳ ಒಡಲಲ್ಲಿ ಇನ್ನೂ ಚಿಕ್ಕ ಕಣಗಳಿದ್ದವು. ಮೆದುಳಿನ ಹಿಪ್ಪೊಕ್ಯಾಂಪಸ್ ಎಂಬ ಭಾಗದಲ್ಲಿ ಮತ್ತು ಕಿರುಮೆದುಳಿನ ದೊಡ್ಡ ನರಕೋಶಗಳಲ್ಲಿ ಇವು ವಿಶೇಷವಾಗಿ ಕಂಡುಬರುತ್ತಿದ್ದವು.

1903ರ ಮಾರ್ಚ್ ತಿಂಗಳಿನಲ್ಲಿ ನೆಗ್ರಿಯವರು ಪಾವಿಯಾ ನಗರದ ವೈದ್ಯರ ಸಂಘದ ಸಭೆಯಲ್ಲಿ ತಮ್ಮ ಶೋಧನೆಯನ್ನು ಮಂಡಿಸಿದರು. ಆಗ ಅವರ ವಯಸ್ಸು 26 ವರ್ಷ. ಈ ಕಣಗಳು ಮಲೇರಿಯಾ ಉಂಟುಮಾಡುವ ಜೀವಿಗಳಂತೆ ಏಕಕೋಶದ ಪರೋಪಜೀವಿಗಳೆಂದೂ, ಇವೇ ರೇಬಿಸ್‌ಗೆ ಕಾರಣವೆಂದೂ ಅವರು ಪ್ರತಿಪಾದಿಸಿದರು.

ತಪ್ಪಾದ ವಿವರಣೆ, ಸರಿಯಾದ ಪರೀಕ್ಷೆ

ಅದೇ 1903ರಲ್ಲಿ ಪೌಲ್ ರೆಮ್ಲಿಂಗರ್ ಎಂಬ ವೈದ್ಯರು ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ ತಮ್ಮ ಸಹೋದ್ಯೋಗಿಯೊಡನೆ ಬೇರೊಂದು ಪ್ರಯೋಗ ನಡೆಸಿದರು. ಬ್ಯಾಕ್ಟೀರಿಯಾಗಳನ್ನು ತಡೆಹಿಡಿಯುವ ಸೋಸುಕದ ಮೂಲಕ ರೇಬಿಸ್ ಅಂಶವು ಹಾದುಹೋಗುತ್ತದೆ ಎಂದು ಅವರು ತೋರಿಸಿದರು. ಅಂದರೆ ರೋಗಕಾರಕವು ನೆಗ್ರಿಯವರು ಕಂಡ ಕಣಗಳಿಗಿಂತ ಬಹಳ ಚಿಕ್ಕದಾಗಿತ್ತು. ಅದು ಇಂದು ನಾವು ವೈರಾಣು ಎಂದು ಕರೆಯುವ ವರ್ಗಕ್ಕೆ ಸೇರಿತ್ತು. ಸಿಡುಬು ಲಸಿಕೆಯಲ್ಲಿರುವ ಅಂಶವು ಇಂತಹ ಸೋಸುಕವನ್ನು ದಾಟುತ್ತದೆಂದು ನೆಗ್ರಿಯವರೇ ಮುಂದಿನ ವರ್ಷಗಳಲ್ಲಿ ಪ್ರಯೋಗದಿಂದ ತೋರಿಸಿದರಾದರೂ, ರೇಬಿಸ್ ವಿಷಯದಲ್ಲಿ ಮಾತ್ರ ತಮ್ಮ ಅಭಿಪ್ರಾಯವನ್ನು ಬಿಡಲಿಲ್ಲ.

ನೆಗ್ರಿ ಕಾಯಗಳು ಪರೋಪಜೀವಿಗಳಲ್ಲ. ರೇಬಿಸ್ ವೈರಾಣುವು ನರಕೋಶದೊಳಗೆ ತನ್ನ ಪ್ರತಿಗಳನ್ನು ತಯಾರಿಸುವಾಗ ಅದರ ಪ್ರೋಟೀನ್ ಮತ್ತು ಅನುವಂಶಿಕ ದ್ರವ್ಯ ಒಟ್ಟುಗೂಡಿ ಆಗುವ ರಾಶಿಗಳೇ ನೆಗ್ರಿ ಕಾಯಗಳೆಂದು ನಂತರದ ಸಂಶೋಧನೆಗಳಿಂದ ತಿಳಿದುಬಂದಿದೆ. ಆದಾಗ್ಯೂ ಅವರ ಶೋಧನೆಯ ಉಪಯುಕ್ತತೆಗೆ ಕುಂದು ಬರಲಿಲ್ಲ. ಕಾರಣವೇನೆಂದರೆ, ಈ ಕಾಯಗಳು ಕಂಡುಬಂದ ಪ್ರಾಣಿಗೆ ರೇಬಿಸ್ ಇತ್ತೆಂದು ಹೇಳಲು ಅವು ಏನೆಂಬ ವಿವಾದ ಬಗೆಹರಿಯುವವರೆಗೆ ಕಾಯಬೇಕಾಗಿರಲಿಲ್ಲ. ವಾರಗಳ ಕಾಯುವಿಕೆಯ ಸ್ಥಾನದಲ್ಲಿ ಗಂಟೆಗಳ ಕೆಲಸ ಬಂದಿತು.

ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆಯ ವೈದ್ಯೆ ಅನ್ನಾ ವೆಸೆಲ್ಸ್ ವಿಲಿಯಮ್ಸ್ ಅವರು ಮೆದುಳಿನ ಅಂಶವನ್ನು ಗಾಜಿನ ಫಲಕದ ಮೇಲೆ ಸವರಿ ಬಣ್ಣ ಹಾಕುವ ಸರಳ ವಿಧಾನವನ್ನು 1905ರಲ್ಲಿ ಪ್ರಕಟಿಸಿ, ಪರೀಕ್ಷೆಯ ಅವಧಿಯನ್ನು ಇನ್ನಷ್ಟು ಕಡಿಮೆ ಮಾಡಿದರು. ಮುಂದಿನ ಸುಮಾರು ಅರ್ಧ ಶತಮಾನದವರೆಗೆ ಲೋಕದ ಹಲವು ಪ್ರಯೋಗಾಲಯಗಳಲ್ಲಿ ನೆಗ್ರಿ ಕಾಯಗಳ ಪರಿಶೀಲನೆಯೇ ರೇಬಿಸ್ ಪತ್ತೆಯ ಮುಖ್ಯ ಆಧಾರವಾಗಿತ್ತು.

ಕೊನೆಯ ವರ್ಷಗಳು

ನೆಗ್ರಿಯವರು 1906ರಲ್ಲಿ ತಮ್ಮ ಸಹೋದ್ಯೋಗಿ ವೈದ್ಯೆ ಲೀನಾ ಲುಜ್ಜಾನಿ ಅವರನ್ನು ವಿವಾಹವಾದರು. 1909ರಲ್ಲಿ ಪಾವಿಯಾ ವಿಶ್ವವಿದ್ಯಾಲಯದ ಬ್ಯಾಕ್ಟೀರಿಯಾ ಶಾಸ್ತ್ರದ ಪ್ರಾಧ್ಯಾಪಕರಾದರು. ಲೊಂಬಾರ್ಡಿ ಪ್ರಾಂತ್ಯದಲ್ಲಿ ಮಲೇರಿಯಾ ನಿಯಂತ್ರಣದ ಕಾರ್ಯದಲ್ಲಿಯೂ ತೊಡಗಿದ್ದರು. ಆದರೆ ಕ್ಷಯರೋಗಕ್ಕೆ ತುತ್ತಾಗಿ 1912ರ ಫೆಬ್ರವರಿ 19ರಂದು, 35ನೇ ವಯಸ್ಸಿನಲ್ಲಿ, ನಿಧನರಾದರು. ಪಾವಿಯಾ ನಗರದ ರುದ್ರಭೂಮಿಯಲ್ಲಿ ಅವರ ಸಮಾಧಿಯಿದೆ. 1926ರಲ್ಲಿ ತೀರಿಕೊಂಡ ಗುರು ಗಾಲ್ಗಿಯವರ ಸಮಾಧಿಯೂ ಅಲ್ಲಿಯೇ ಇದೆ.

ಪತಿಯ ಶೋಧನೆಯನ್ನು ರೋಗಪತ್ತೆಯ ದಿನನಿತ್ಯದ ಕೆಲಸದಲ್ಲಿ ಪರೀಕ್ಷಿಸಿ ನೋಡಿದವರು ಲೀನಾ ಅವರು. ಹತ್ತು ವರ್ಷಗಳ ಪರೀಕ್ಷೆಗಳ ಫಲಿತಾಂಶವನ್ನು ಅವರು 1913ರಲ್ಲಿ, ಪತಿಯ ಮರಣದ ಮರುವರ್ಷ, ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಂದು ಪರೀಕ್ಷೆಯು ನಂಬಿಕೆಗೆ ಅರ್ಹವಾಗುವುದು ಇಂತಹ ತಾಳ್ಮೆಯ ದುಡಿಮೆಯಿಂದ ಎಂಬುದನ್ನು ಇಲ್ಲಿ ಸ್ಮರಿಸಬೇಕಾಗುತ್ತದೆ.

ಪರೀಕ್ಷೆಯ ಮಿತಿ ಮತ್ತು ನಂತರದ ಬೆಳವಣಿಗೆ

ನೆಗ್ರಿ ಕಾಯಗಳು ಕಂಡುಬಂದರೆ ರೋಗವಿದೆ ಎಂದು ಹೇಳಬಹುದು. ಕಂಡುಬಾರದಿದ್ದರೆ ರೋಗವಿಲ್ಲ ಎಂದು ಹೇಳಲು ಬರುವುದಿಲ್ಲ. ರೇಬಿಸ್‌ನಿಂದ ಸತ್ತ ಎಲ್ಲ ಪ್ರಾಣಿಗಳಲ್ಲಿಯೂ ಇವು ಕಾಣಸಿಗುವುದಿಲ್ಲ. ರೋಗದ ಆರಂಭದಲ್ಲಿಯೇ ಪ್ರಾಣಿಯನ್ನು ಕೊಂದಿದ್ದರೆ ಇವು ರೂಪುಗೊಂಡಿರದ ಸಂಭವವಿರುತ್ತದೆ. ಕೊಳೆತ ಮಾದರಿಯಲ್ಲಿ ಇವನ್ನು ಗುರುತಿಸುವುದು ಕಷ್ಟ. ಈ ಕೊರತೆಯನ್ನು ನಿವಾರಿಸಲು 1958ರಲ್ಲಿ ಗೋಲ್ಡ್‌ವಾಸರ್ ಮತ್ತು ಕಿಸ್ಲಿಂಗ್ ಎಂಬ ಅಮೆರಿಕದ ವಿಜ್ಞಾನಿಗಳು ಪ್ರತಿದೀಪ್ತ ಪ್ರತಿಕಾಯ ಪರೀಕ್ಷೆಯನ್ನು ಪ್ರಕಟಿಸಿದರು. ವೈರಾಣುವಿನ ಅಂಶಕ್ಕೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯಗಳಿಗೆ ಹೊಳೆಯುವ ಬಣ್ಣವನ್ನು ಜೋಡಿಸಿ, ಮೆದುಳಿನ ಮಾದರಿಯ ಮೇಲೆ ಹಾಕಿ, ವಿಶೇಷ ಸೂಕ್ಷ್ಮದರ್ಶಕದಲ್ಲಿ ನೋಡುವುದು ಇದರ ಕ್ರಮ. ಮೃತ ಪ್ರಾಣಿಗಳ ರೇಬಿಸ್ ಪತ್ತೆಗೆ ಇಂದು ಈ ಪರೀಕ್ಷೆಯನ್ನು ಪ್ರಮಾಣಭೂತವೆಂದು ಪರಿಗಣಿಸಲಾಗುತ್ತದೆ. ವೈರಾಣುವಿನ ಅನುವಂಶಿಕ ದ್ರವ್ಯವನ್ನು ಗುರುತಿಸುವ ಪರೀಕ್ಷೆಗಳೂ ಬಳಕೆಯಲ್ಲಿವೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯದ ರೇಬಿಸ್ ಪತ್ತೆ ಪ್ರಯೋಗಾಲಯವು ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆದ ಪ್ರಯೋಗಾಲಯವಾಗಿದೆ.

ಸಾರ್ವಜನಿಕರ ಗಮನಕ್ಕೆ

ನೆಗ್ರಿಯವರ ಕಾಲದಿಂದ ಇಂದಿನವರೆಗಿನ ಅನುಭವದಿಂದ ತಿಳಿದುಬಂದ ಕೆಳಕಂಡ ಅಂಶಗಳನ್ನು ಮಾದರಿ ಪರೀಕ್ಷೆ ಕೋರುವವರು ಗಮನಿಸತಕ್ಕದ್ದು:

1. ಪ್ರಾಣಿ ಕಚ್ಚಿದ ಅಥವಾ ಪರಚಿದ ಕೂಡಲೇ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷಗಳ ಕಾಲ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಪ್ರಯೋಗಾಲಯದ ವರದಿಗಾಗಿ ಕಾಯುತ್ತಾ ಲಸಿಕೆಯನ್ನು ಮುಂದೂಡಬಾರದು.

2. ಕಚ್ಚಿದ ನಾಯಿ ಅಥವಾ ಬೆಕ್ಕನ್ನು ಕೊಲ್ಲಬಾರದು. ಆರೋಗ್ಯವಾಗಿರುವಂತೆ ಕಾಣುವ ಪ್ರಾಣಿಯನ್ನು ಸುರಕ್ಷಿತವಾಗಿ ಪ್ರತ್ಯೇಕವಾಗಿರಿಸಿ 10 ದಿನಗಳ ಕಾಲ ಪಶುವೈದ್ಯರ ಸಲಹೆಯಂತೆ ನಿಗಾ ಇಡುವುದು ಸೂಕ್ತ. ಈ ಅವಧಿಯಲ್ಲಿ ಅದು ಆರೋಗ್ಯವಾಗಿಯೇ ಉಳಿದರೆ, ಕಚ್ಚಿದ ದಿನ ಅದರ ಜೊಲ್ಲಿನಲ್ಲಿ ವೈರಾಣು ಇರಲಿಲ್ಲವೆಂದು ತಿಳಿಯಬಹುದು.

3. ಬದುಕಿರುವ ನಾಯಿ ಅಥವಾ ಬೆಕ್ಕಿಗೆ ರೇಬಿಸ್ ಇಲ್ಲವೆಂದು ಖಚಿತಪಡಿಸುವ ರಕ್ತಪರೀಕ್ಷೆ ಇರುವುದಿಲ್ಲ. ಸಾಕುಪ್ರಾಣಿಯನ್ನು ವಿದೇಶಕ್ಕೆ ಕೊಂಡೊಯ್ಯುವವರಿಂದ ಕೆಲವು ದೇಶಗಳು ಕೇಳುವ ರಕ್ತಪರೀಕ್ಷೆಯು ಲಸಿಕೆಯಿಂದ ಸಾಕಷ್ಟು ಪ್ರತಿಕಾಯಗಳು ಉಂಟಾಗಿವೆಯೇ ಎಂಬುದನ್ನು ಮಾತ್ರ ತಿಳಿಸುತ್ತದೆ. ಇದಕ್ಕೆ ಪ್ರತಿ ಮಿಲಿಲೀಟರ್‌ಗೆ 0.5 ಅಂತರರಾಷ್ಟ್ರೀಯ ಯೂನಿಟ್ ಕನಿಷ್ಠ ಮಟ್ಟವಾಗಿರುತ್ತದೆ.

4. ಸಂಶಯಾಸ್ಪದವಾಗಿ ಸತ್ತ ಪ್ರಾಣಿಯ ತಲೆಗೆ ಪೆಟ್ಟಾಗದಂತೆ ನೋಡಿಕೊಂಡು, ಬರಿಗೈಯಲ್ಲಿ ಮುಟ್ಟದೆ, ಹೂಳುವ ಮುನ್ನ ಹತ್ತಿರದ ಪಶುವೈದ್ಯ ಸಂಸ್ಥೆಗೆ ತಿಳಿಸಬೇಕು. ಮೆದುಳಿನ ಮಾದರಿಯನ್ನು ತರಬೇತಿ ಪಡೆದ ಸಿಬ್ಬಂದಿ ಮಾತ್ರ ತೆಗೆದು, ತಂಪಾದ ಸ್ಥಿತಿಯಲ್ಲಿ ಪ್ರಯೋಗಾಲಯಕ್ಕೆ ತಲುಪಿಸುತ್ತಾರೆ.

5. ನಾಯಿ ಮತ್ತು ಬೆಕ್ಕುಗಳಿಗೆ ಪಶುವೈದ್ಯರ ಸಲಹೆಯಂತೆ ಕಾಲಕಾಲಕ್ಕೆ ರೇಬಿಸ್ ಲಸಿಕೆ ಹಾಕಿಸಿ, ದೃಢೀಕರಣ ಪತ್ರವನ್ನು ಜೋಪಾನವಾಗಿ ಇರಿಸಿಕೊಳ್ಳಬೇಕು.

ಇಂದು ಮಾದರಿಯೊಂದನ್ನು ಸಲ್ಲಿಸಿದ ಕುಟುಂಬವು ಮೊಲಕ್ಕೆ ರೋಗ ತಗಲುವವರೆಗೆ ವಾರಗಟ್ಟಲೆ ಕಾಯಬೇಕಾಗಿಲ್ಲ. ಈ ಅನುಕೂಲದ ಹಿಂದೆ 35 ವರ್ಷ ಮಾತ್ರ ಬದುಕಿದ ಒಬ್ಬ ವೈದ್ಯರ ದುಡಿಮೆ ಇದೆ. ಮಾದರಿಯನ್ನು ಕೆಡದಂತೆ, ಸಕಾಲದಲ್ಲಿ ತಲುಪಿಸಿದಾಗ ಮಾತ್ರ ಪ್ರಯೋಗಾಲಯವು ಸರಿಯಾದ ಉತ್ತರ ಕೊಡಬಲ್ಲದು. ಆದುದರಿಂದ ಸಾರ್ವಜನಿಕರು ಮೇಲ್ಕಂಡ ಸೂಚನೆಗಳನ್ನು ಪಾಲಿಸಿ ಸಹಕರಿಸಬೇಕೆಂದು ಕೋರಲಾಗಿದೆ.