ಬೆಟ್ಟ ಹತ್ತಿದ ಪಾದಗಳು

ಹವಾಯಿಯ ಮೊಲೊಕಾಯಿ ದ್ವೀಪದ ಕಲಾವುಪಾಪ ಕಡಲತೀರವನ್ನು ಮನಸ್ಸಿಗೆ ತಂದುಕೊಳ್ಳಿ. ಮೂರು ಕಡೆ ಸಮುದ್ರ, ಇನ್ನೊಂದು ಕಡೆ ಸುಮಾರು 1,600 ಅಡಿಯ ಕಡಿದಾದ ಬೆಟ್ಟ. ಸರ್ಕಾರ ಅಲ್ಲಿ ತಂದುಬಿಟ್ಟ ಕುಷ್ಠರೋಗಿಗಳ ಸೇವೆಗೆ 1873ರಲ್ಲಿ ತಾವಾಗಿಯೇ ಬಂದವರು ಬೆಲ್ಜಿಯಂನ ಫಾದರ್ ಡೇಮಿಯನ್. ರೋಗಿಗಳ ಹುಣ್ಣು ತೊಳೆದರು, ಶವಪೆಟ್ಟಿಗೆಯನ್ನೂ ತಾವೇ ಮಾಡಿದರು.

ಬೆಟ್ಟದಾಚೆಯ ಭಕ್ತಾದಿಗಳನ್ನೂ ಅವರು ಮರೆಯಲಿಲ್ಲ. ಇಕ್ಕಟ್ಟಾದ ಹಾದಿ ಹತ್ತಿ, ದ್ವೀಪ ದಾಟಿ ದಕ್ಷಿಣ ತೀರಕ್ಕೆ ಹೋದರು. 1876ರಲ್ಲಿ ಕಮಾಲೊದಲ್ಲಿ ಸಂತ ಜೋಸೆಫರ ದೇವಾಲಯ ಕಟ್ಟಿದರು. ಪ್ರತಿಸಲವೂ ರೋಗಿಗಳ ಬಳಿಗೇ ಮರಳಿದರು.

1884ರಲ್ಲಿ ಆ ಪಾದಗಳನ್ನು ಸುಡುನೀರಿನಲ್ಲಿಟ್ಟರೂ ನೋವಾಗಲಿಲ್ಲ. ಕುಷ್ಠ ಅವರನ್ನೂ ಹಿಡಿದಿತ್ತು. 1889ರ ಏಪ್ರಿಲ್ 15ರಂದು, 49ನೆಯ ವಯಸ್ಸಿನಲ್ಲಿ, ತಮ್ಮ ರೋಗಿಗಳ ನಡುವೆಯೇ ಕಣ್ಮುಚ್ಚಿದರು. 2009ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು.

ನಿಮ್ಮ ಬೀದಿಯಲ್ಲೂ ಹಾಸಿಗೆ ಹಿಡಿದವರೊಬ್ಬರು ಇರಬಹುದು. ಅವರ ಮನೆಗೆ ಬೆಟ್ಟ ಹತ್ತಬೇಕಿಲ್ಲ. ಈ ಭಾನುವಾರ ಪೂಜೆ ಮುಗಿಸಿಕೊಂಡು ಹೋಗಿಬನ್ನಿ.