ಸಿಡುಬಿನ ಊರಿನಲ್ಲಿ ಉಳಿದ ಗುರು

ಗೋವೆಯ ಬೆಣೌಲಿಯಲ್ಲಿ 1651ರಲ್ಲಿ ಜನಿಸಿದ ಸಂತ ಜೋಸೆಫ್ ವಾಜರನ್ನು ನಾವು ಶ್ರೀಲಂಕೆಯ ಪ್ರೇಷಿತರೆಂದೇ ಸ್ಮರಿಸುತ್ತೇವೆ. ಅದಕ್ಕೂ ಮುನ್ನ, 1681ರಿಂದ 1684ರವರೆಗೆ, ಅವರು ನಮ್ಮ ಕೆನರಾ ಪ್ರಾಂತ್ಯದಲ್ಲಿ ದುಡಿದವರು. ಗೋವೆಯ ಮಹಾಧರ್ಮಾಧ್ಯಕ್ಷರ ಅಧಿಕಾರವೋ, ರೋಮಿನಿಂದ ನೇಮಕಗೊಂಡ ಧರ್ಮಾಧ್ಯಕ್ಷರ ಅಧಿಕಾರವೋ ಎಂಬ ವಿವಾದದಲ್ಲಿ ಇಲ್ಲಿನ ಭಕ್ತಾದಿಗಳು ಒಡೆದು ನಿಂತಿದ್ದ ಕಾಲವದು. (ಇಂತಹ ಪಕ್ಷಭೇದ ಇಂದಿನ ಧರ್ಮಕೇಂದ್ರಗಳಿಗೂ ಅಪರಿಚಿತವಲ್ಲ.) ವಾಜರು ಸಂಧಾನಕ್ಕೆ ಶ್ರಮಿಸುತ್ತಲೇ ಊರೂರು ಸಂಚರಿಸಿ ಸಂಸ್ಕಾರಗಳನ್ನು ನೀಡಿದರು.

ಡಚ್ಚರ ಆಳ್ವಿಕೆಯ ಜಾಫ್ನಾದಲ್ಲಿ ಕಥೋಲಿಕ ಗುರುಗಳಿಗೆ ಪ್ರವೇಶ ನಿಷಿದ್ಧವಾಗಿತ್ತು. 1687ರಲ್ಲಿ ಅವರು ಅಲ್ಲಿಗೆ ವೇಷ ಮರೆಸಿಕೊಂಡು ತಲುಪಿದರು. 1692ರಲ್ಲಿ ಕ್ಯಾಂಡಿಗೆ ಹೋದಾಗ, ಪೋರ್ಚುಗೀಸರ ಗೂಢಚಾರರೆಂಬ ಸಂಶಯದಿಂದ ಸೆರೆವಾಸ ಅನುಭವಿಸಬೇಕಾಯಿತು.

ಅದೇ ಕ್ಯಾಂಡಿಯಲ್ಲಿ 1697ರಲ್ಲಿ ಸಿಡುಬು ಹರಡಿತು. ಬಂಧುಗಳೇ ರೋಗಿಗಳನ್ನು ತೊರೆದು ಓಡಿದರು. ತಮ್ಮನ್ನು ಸೆರೆಗೆ ತಳ್ಳಿದ ಊರನ್ನು ಬಿಟ್ಟು ಹೋಗಲು ವಾಜರಿಗೆ ಅದಕ್ಕಿಂತ ಒಳ್ಳೆಯ ನೆಪ ಬೇಕಿರಲಿಲ್ಲ. ಅವರು ಉಳಿದರು. ಸಹಗುರು ಜೋಸೆಫ್ ಕರ್ವಾಲೊರೊಡನೆ ರೋಗಿಗಳಿಗೆ ಉಣಿಸಿದರು, ಹುಣ್ಣು ತೊಳೆದರು, ಸತ್ತವರನ್ನು ಹೂಳಿದರು. ಕ್ರೈಸ್ತ, ಬೌದ್ಧ ಎಂಬ ಭೇದವೆಣಿಸಲಿಲ್ಲ. ಪ್ರಾರ್ಥನೆ ಎಲ್ಲಿ ಮುಗಿದು ದುಡಿಮೆ ಎಲ್ಲಿ ಆರಂಭವಾಗುತ್ತದೆಂದು ನಾವು ಗುರುಮಠದ ತತ್ತ್ವಶಾಸ್ತ್ರದ ತರಗತಿಗಳಲ್ಲಿ ದೀರ್ಘವಾಗಿ ಚರ್ಚಿಸುವುದುಂಟು. ಕೀವು ಒರೆಸುವವನಿಗೆ ಆ ಚರ್ಚೆಗೆ ಬಿಡುವೆಲ್ಲಿ? ಹಿಂದೆ ಸಂಶಯಿಸಿದ್ದ ಅರಸ ಎರಡನೆಯ ವಿಮಲಧರ್ಮಸೂರ್ಯನೇ ಅವರ ಸೇವೆಯನ್ನು ಕಂಡು ಸುವಾರ್ತಾ ಕಾರ್ಯಕ್ಕೆ ಸ್ವಾತಂತ್ರ್ಯವಿತ್ತನು.

1711ರ ಜನವರಿ 16ರಂದು ವಾಜರು ಕ್ಯಾಂಡಿಯಲ್ಲಿಯೇ ಪ್ರಭುವಿನಲ್ಲಿ ನಿದ್ರಿಸಿದರು. 1995ರಲ್ಲಿ ಪುನೀತರೆಂದೂ 2015ರಲ್ಲಿ ಸಂತರೆಂದೂ ಘೋಷಿತರಾದರು. ಮಂಗಳೂರಿನ ಸಮೀಪದ ಮುಡಿಪುವಿನಲ್ಲಿ ಅವರ ಪುಣ್ಯಕ್ಷೇತ್ರವಿದೆ. ನಮ್ಮ ಕುಟುಂಬಗಳು ತಮ್ಮ ರೋಗಿಗಳ ಹೆಸರು ಹೊತ್ತು ಅಲ್ಲಿಗೆ ಹೋಗುತ್ತವೆ.