ಪರಮಾಣುಗಳನ್ನು ತೂಗಿದ ಆಸ್ಟನ್

ನಿಮ್ಮ ರಸಾಯನಶಾಸ್ತ್ರದ ಪುಸ್ತಕದಲ್ಲಿರುವ ಆವರ್ತಕ ಕೋಷ್ಟಕವನ್ನು ಒಮ್ಮೆ ತೆರೆದು ನೋಡಿ. ಇಂಗಾಲ 12, ಸಾರಜನಕ 14, ಆಮ್ಲಜನಕ 16 ಎಂದು ಪರಮಾಣು ತೂಕಗಳು ಸಾಲಾಗಿ ಬರುತ್ತವೆ. ಕ್ಲೋರಿನ್ ಬಳಿ ಬಂದಾಗ ಮಾತ್ರ 35.5 ಎಂದಿರುತ್ತದೆ. ನಾವು ಅದನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮರೆತುಬಿಡುತ್ತೇವೆ. ಆ ಅರ್ಧ ಎಲ್ಲಿಂದ ಬಂತು ಎಂದು ಕೇಳುವವರು ಕಡಿಮೆ. ಇದಕ್ಕೆ ಪ್ರಯೋಗದ ಮೂಲಕ ಉತ್ತರ ಕೊಟ್ಟವರು ಇಂಗ್ಲೆಂಡಿನ ಫ್ರಾನ್ಸಿಸ್ ವಿಲಿಯಂ ಆಸ್ಟನ್. ಅವರು ಕಟ್ಟಿದ ಉಪಕರಣದ ವಂಶಕ್ಕೆ ಸೇರಿದ ಯಂತ್ರಗಳೇ ಮುಂದೆ ಬಾಹ್ಯಾಕಾಶ ನೌಕೆಗಳನ್ನೇರಿ ಧೂಮಕೇತುಗಳ ಬಳಿಗೆ ಹೋದವು. ನಮ್ಮ ಸಮುದ್ರಗಳ ನೀರು ಎಲ್ಲಿಂದ ಬಂತು ಎಂಬ ದೊಡ್ಡ ಪ್ರಶ್ನೆಯನ್ನು ಅಲ್ಲಿ ಪರೀಕ್ಷೆಗೆ ಒಡ್ಡಿದವು. ಆ ಕಥೆಯನ್ನು ತಿಳಿಯಬೇಕಾದರೆ ಆಸ್ಟನ್ ಅವರ ಬಾಳಿನಿಂದಲೇ ಆರಂಭಿಸಬೇಕು.

ಆಸ್ಟನ್ ಹುಟ್ಟಿದ್ದು 1877ರ ಸೆಪ್ಟೆಂಬರ್ 1ರಂದು, ಬರ್ಮಿಂಗ್‌ಹ್ಯಾಮ್ ಸಮೀಪದ ಹಾರ್ಬೋರ್ನ್‌ನಲ್ಲಿ. ಏಳು ಮಕ್ಕಳಲ್ಲಿ ಇವರು ಮೂರನೆಯವರು. ತಂದೆ ಲೋಹದ ವ್ಯಾಪಾರಿ. 1893ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಮೇಸನ್ ಕಾಲೇಜು ಸೇರಿ ರಸಾಯನಶಾಸ್ತ್ರ ಕಲಿತರು. ಆದರೆ ಓದು ಮುಗಿದೊಡನೆ ದೊಡ್ಡ ಪ್ರಯೋಗಾಲಯವೇನೂ ಅವರನ್ನು ಕರೆಯಲಿಲ್ಲ. ವುಲ್ವರ್‌ಹ್ಯಾಂಪ್ಟನ್ನಿನ ಒಂದು ಬಿಯರ್ ಕಾರ್ಖಾನೆಯಲ್ಲಿ ಮೂರು ವರ್ಷ ರಸಾಯನತಜ್ಞರಾಗಿ ದುಡಿದರು. ಎಕ್ಸ್-ಕಿರಣ ಮತ್ತು ವಿಕಿರಣಶೀಲತೆಯ ಶೋಧದಿಂದ ಭೌತಶಾಸ್ತ್ರ ಹೊಸ ಜೀವ ಪಡೆದಿದ್ದ ಕಾಲ ಅದು. ಆಸ್ಟನ್ ಅವರ ಮನಸ್ಸು ಅತ್ತ ಎಳೆಯಿತು. ಗಾಜಿನ ಕೊಳವೆಗಳನ್ನು ತಾವೇ ಊದಿ ರೂಪಿಸುವ, ಗಾಳಿ ಹೀರುವ ಪಂಪುಗಳನ್ನು ತಾವೇ ಜೋಡಿಸುವ ಕೈಚಳಕ ಅವರಲ್ಲಿತ್ತು. 1903ರಲ್ಲಿ ವಿದ್ಯಾರ್ಥಿವೇತನ ದೊರೆತಾಗ, ಇಪ್ಪತ್ತಾರನೆಯ ವಯಸ್ಸಿಗೆ ಮತ್ತೆ ವಿಶ್ವವಿದ್ಯಾಲಯಕ್ಕೆ ಬಂದು ಭೌತಶಾಸ್ತ್ರದ ಸಂಶೋಧನೆಗೆ ಕುಳಿತರು. ಹಿಡಿದ ದಾರಿಯನ್ನು ಬದಲಿಸಲು ಹಿಂಜರಿಯುವ ನಮ್ಮ ಯುವಕರು ಇದನ್ನು ಗಮನಿಸಬೇಕು.

1910ರಲ್ಲಿ ಅವರು ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯಕ್ಕೆ ಬಂದು, ಎಲೆಕ್ಟ್ರಾನನ್ನು ಕಂಡುಹಿಡಿದ ಜೆ.ಜೆ. ಥಾಮ್ಸನ್ ಅವರ ಸಹಾಯಕರಾದರು. ಅದೇ ವರ್ಷ ಹ್ಯಾಲಿ ಧೂಮಕೇತು ಆಕಾಶದಲ್ಲಿ ಕಾಣಿಸಿಕೊಂಡು ಜಗತ್ತಿನ ಗಮನ ಸೆಳೆದಿತ್ತು. ಸುಮಾರು ಎಪ್ಪತ್ತಾರು ವರ್ಷಗಳಿಗೊಮ್ಮೆ ಬರುವ ಆ ಅತಿಥಿಯನ್ನು ನೆನಪಿಟ್ಟುಕೊಳ್ಳಿ, ಅದು ಈ ಕಥೆಯಲ್ಲಿ ಮತ್ತೆ ಬರುತ್ತದೆ.

ಥಾಮ್ಸನ್ ಅವರ ಪ್ರಯೋಗದಲ್ಲಿ ಅನಿಲಗಳ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಅವನ್ನು ಅಯಾನುಗಳನ್ನಾಗಿ ಮಾಡಲಾಗುತ್ತಿತ್ತು. ಅಯಾನಿಗೆ ವಿದ್ಯುದಂಶ ಇರುವುದರಿಂದ ವಿದ್ಯುತ್ ಕ್ಷೇತ್ರವೂ ಕಾಂತಕ್ಷೇತ್ರವೂ ಅದರ ದಾರಿಯನ್ನು ಬಾಗಿಸುತ್ತವೆ. ಹಗುರವಾದದ್ದು ಹೆಚ್ಚು ಬಾಗುತ್ತದೆ, ಭಾರವಾದದ್ದು ಕಡಿಮೆ ಬಾಗುತ್ತದೆ. ಎಷ್ಟು ಬಾಗಿತು ಎಂಬುದನ್ನು ಅಳೆದರೆ ಅದರ ತೂಕ ತಿಳಿಯುತ್ತದೆ. 1912ರಲ್ಲಿ ನಿಯಾನ್ ಅನಿಲವನ್ನು ಪರೀಕ್ಷಿಸಿದಾಗ 20ರ ಗುರುತಿನ ಪಕ್ಕದಲ್ಲಿ 22ರ ಬಳಿ ಇನ್ನೊಂದು ಮಸುಕಾದ ಗುರುತು ಕಂಡಿತು. ನಿಯಾನಿನ ಪರಮಾಣು ತೂಕ 20.2 ಎಂದು ಆಗಲೇ ಗೊತ್ತಿತ್ತು. ಹಾಗಾದರೆ ಎರಡು ಬಗೆಯ ನಿಯಾನ್ ಇದೆಯೇ? ಆಸ್ಟನ್ ಅದನ್ನು ಸೂಕ್ಷ್ಮ ರಂಧ್ರಗಳ ಜೇಡಿಮಣ್ಣಿನ ಕೊಳವೆಯ ಮೂಲಕ ಮತ್ತೆ ಮತ್ತೆ ಹಾಯಿಸಿ, ತಾವೇ ಮಾಡಿದ ಅತಿಸೂಕ್ಷ್ಮ ತಕ್ಕಡಿಯಲ್ಲಿ ತೂಗಿ, ಅತ್ಯಲ್ಪ ವ್ಯತ್ಯಾಸವನ್ನು ತೋರಿಸಿದರು. ಆದರೂ ಸಂಶಯ ಪೂರ್ತಿ ತೀರಲಿಲ್ಲ. ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಆಸ್ಟನ್ ಫಾರ್ನ್‌ಬರೋಗೆ ಹೋಗಿ ವಿಮಾನದ ರೆಕ್ಕೆಗಳ ಬಟ್ಟೆಗೆ ಬಳಿಯುವ ಲೇಪನಗಳ ಮೇಲೆ ಕೆಲಸ ಮಾಡಬೇಕಾಯಿತು.

1919ರಲ್ಲಿ ಕೇಂಬ್ರಿಜ್‌ಗೆ ಮರಳಿದವರೇ ಹೊಸ ಉಪಕರಣ ಕಟ್ಟಿದರು. ಒಂದೇ ತೂಕದ ಅಯಾನುಗಳು ಬೇರೆ ಬೇರೆ ವೇಗದಲ್ಲಿ ಬಂದರೂ ಫೋಟೋ ತಟ್ಟೆಯ ಮೇಲೆ ಒಂದೇ ಗೆರೆಯಾಗಿ ಕೂಡುವಂತೆ ವಿದ್ಯುತ್ ಮತ್ತು ಕಾಂತಕ್ಷೇತ್ರಗಳನ್ನು ಅಣಿಗೊಳಿಸಿದರು. ಇದೇ ಮಾಸ್ ಸ್ಪೆಕ್ಟ್ರೋಗ್ರಾಫ್. ನಿಯಾನ್ 20 ಮತ್ತು 22 ಆಗಿ ಬೇರ್ಪಟ್ಟಿತು. ಕ್ಲೋರಿನ್ 35 ಮತ್ತು 37 ಎಂಬ ಎರಡು ಬಗೆಯ ಪರಮಾಣುಗಳ ಮಿಶ್ರಣವೆಂದು ತಿಳಿಯಿತು. ಸುಮಾರು 35.5 ತೂಗುವ ಕ್ಲೋರಿನ್ ಪರಮಾಣು ಒಂದೂ ಇಲ್ಲ, ಅದು ಸರಾಸರಿ ಮಾತ್ರ. ಬ್ರೋಮಿನ್ ಇನ್ನೂ ವಿಚಿತ್ರ. ಅದರ ತೂಕ ಸುಮಾರು 80 ಎಂದು ನಿರಾಳವಾಗಿದ್ದೆವು. ನೋಡಿದರೆ ಅದು 79 ಮತ್ತು 81ರ ಮಿಶ್ರಣ. ಹೀಗೆ ಒಂದೇ ಮೂಲವಸ್ತುವಿನ ಬೇರೆ ಬೇರೆ ತೂಕದ ರೂಪಗಳನ್ನು ಐಸೋಟೋಪ್‌ಗಳು ಅಥವಾ ಸಮಸ್ಥಾನಿಗಳು ಎನ್ನುತ್ತಾರೆ. ಪ್ರಕೃತಿಯಲ್ಲಿ ದೊರೆಯುವ ಇಂಥ ಇನ್ನೂರಕ್ಕೂ ಹೆಚ್ಚು ರೂಪಗಳನ್ನು ಆಸ್ಟನ್ ಗುರುತಿಸಿದರು. 1922ರಲ್ಲಿ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು.

ಇಷ್ಟಕ್ಕೆ ಅವರು ನಿಲ್ಲಲಿಲ್ಲ. ಒಂದೊಂದು ಐಸೋಟೋಪಿನ ತೂಕವೂ ಪೂರ್ಣಸಂಖ್ಯೆಗೆ ತೀರ ಹತ್ತಿರವಿದ್ದರೂ ಸರಿಯಾಗಿ ಪೂರ್ಣಸಂಖ್ಯೆ ಆಗಿರಲಿಲ್ಲ. ನಾಲ್ಕು ಜಲಜನಕ ಪರಮಾಣುಗಳ ತೂಕ ಕೂಡಿಸಿದರೆ 4.03 ಬರುತ್ತದೆ, ಒಂದು ಹೀಲಿಯಂ ಪರಮಾಣು 4.00 ಮಾತ್ರ ತೂಗುತ್ತದೆ. ಕಾಣೆಯಾದ ಆ ಚೂರು ತೂಕ ಶಕ್ತಿಯಾಗಿ ಹೊರಬರುತ್ತಿರಬೇಕು, ಸೂರ್ಯ ಮತ್ತು ನಕ್ಷತ್ರಗಳು ಉರಿಯುವುದು ಇದರಿಂದಲೇ ಇರಬಹುದು ಎಂದು 1920ರಲ್ಲಿ ಖಗೋಳಜ್ಞ ಎಡಿಂಗ್ಟನ್ ಸೂಚಿಸಿದರು. ಆಸ್ಟನ್ ಮತ್ತಷ್ಟು ನಿಖರವಾದ ಉಪಕರಣ ಕಟ್ಟಿ, ಹತ್ತು ಸಾವಿರದಲ್ಲಿ ಒಂದು ಭಾಗದಷ್ಟು ಸೂಕ್ಷ್ಮವಾಗಿ ಅಳೆಯಲು ಆರಂಭಿಸಿದರು.

ಅಂಥವರೂ ಒಂದು ಕಡೆ ಎಡವಿದರು. 1927ರಲ್ಲಿ ಜಲಜನಕದ ತೂಕವನ್ನು ಅಳೆದಾಗ ಅದು ರಸಾಯನತಜ್ಞರ ಸಂಖ್ಯೆಗೆ ಸರಿಯಾಗಿ ತಾಳೆಯಾಯಿತು. ಆದ್ದರಿಂದ ಜಲಜನಕಕ್ಕೆ ಒಂದೇ ರೂಪ ಎಂದುಕೊಂಡರು. 1929ರಲ್ಲಿ ಬೇರೆಯವರು ಆಮ್ಲಜನಕಕ್ಕೂ ಭಾರದ ರೂಪಗಳಿವೆ ಎಂದು ತೋರಿಸಿದರು. ತೂಕಗಳನ್ನೆಲ್ಲ ಆಮ್ಲಜನಕದೊಂದಿಗೆ ಹೋಲಿಸಿಯೇ ಹೇಳುತ್ತಿದ್ದರಿಂದ ಹಳೆಯ ತಾಳೆ ತಪ್ಪಿತು. ಅದನ್ನು ಸರಿದೂಗಿಸಲು ಭಾರವಾದ ಜಲಜನಕ ಇರಲೇಬೇಕೆಂಬ ಸುಳಿವು ಹುಟ್ಟಿತು. ಅಮೆರಿಕದ ಹೆರಾಲ್ಡ್ ಯೂರಿ 1931ರಲ್ಲಿ ಅದನ್ನು ಕಂಡುಹಿಡಿದರು, 1934ರಲ್ಲಿ ನೊಬೆಲ್ ಪಡೆದರು. ತಮಾಷೆಯೆಂದರೆ, ಆ ಸುಳಿವಿಗೆ ಆಧಾರವಾದ ಆಸ್ಟನ್ ಅವರ ಸಂಖ್ಯೆಯಲ್ಲೇ ಚಿಕ್ಕ ತಪ್ಪಿತ್ತು! 1935ರಲ್ಲಿ ಆಸ್ಟನ್ ಮತ್ತೆ ಅಳೆದು ತಮ್ಮ ಸಂಖ್ಯೆಯನ್ನು ತಾವೇ ತಿದ್ದಿ ಪ್ರಕಟಿಸಿದರು. ನೊಬೆಲ್ ಪಡೆದವರು ತಮ್ಮ ತಪ್ಪನ್ನು ಮುಚ್ಚಿಡಲಿಲ್ಲ ಎಂಬುದನ್ನು ಮರೆಯಬೇಡಿ.

ಆಸ್ಟನ್ ಬರಿಯ ಪ್ರಯೋಗಾಲಯದ ಮನುಷ್ಯರಲ್ಲ. ಸಂಗೀತ ನುಡಿಸುತ್ತಿದ್ದರು, ಹಿಮದ ಮೇಲೆ ಜಾರುವ ಆಟ ಆಡುತ್ತಿದ್ದರು. ಸೂರ್ಯಗ್ರಹಣ ನೋಡಲು 1926ರಲ್ಲಿ ಸುಮಾತ್ರಾ, 1932ರಲ್ಲಿ ಕೆನಡಾ, 1936ರಲ್ಲಿ ಜಪಾನಿಗೆ ಹೋದರು. 1945ರ ನವೆಂಬರ್ 20ರಂದು ಕೇಂಬ್ರಿಜ್‌ನಲ್ಲಿ ತೀರಿಕೊಂಡರು.

ಈಗ ಆ ಹಳೆಯ ಅತಿಥಿ ಮರಳುವ ಹೊತ್ತು. 1986ರಲ್ಲಿ ಹ್ಯಾಲಿ ಧೂಮಕೇತು ಮತ್ತೆ ಬಂತು. ಯುರೋಪಿನ ಜಿಯೊಟ್ಟೊ ನೌಕೆ ಆ ವರ್ಷದ ಮಾರ್ಚ್ 14ರಂದು ಅದರ ತಿರುಳಿನಿಂದ ಸುಮಾರು 600 ಕಿಲೋಮೀಟರ್ ದೂರದಲ್ಲಿ, ಸೆಕೆಂಡಿಗೆ 68 ಕಿಲೋಮೀಟರ್ ವೇಗದಲ್ಲಿ ಹಾದುಹೋಯಿತು. ಅದರಲ್ಲಿ ಅಯಾನುಗಳನ್ನು ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್ ಇತ್ತು. ಧೂಮಕೇತುವಿನ ಮಂಜು ಬಿಸಿಲಿಗೆ ಅನಿಲವಾಗುತ್ತದೆ. ಸೂರ್ಯನ ನೇರಳಾತೀತ ಕಿರಣಗಳು ಅದರಿಂದ ಎಲೆಕ್ಟ್ರಾನುಗಳನ್ನು ಕಿತ್ತು ಅಯಾನುಗಳನ್ನಾಗಿ ಮಾಡುತ್ತವೆ. ಪ್ರಯೋಗಾಲಯದಲ್ಲಿ ಆಸ್ಟನ್ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಬಿಸಿಲೇ ಮಾಡಿಕೊಡುತ್ತದೆ! ನೀರಿನ ಅಯಾನು 18ರ ಸ್ಥಾನದಲ್ಲಿ ಸಿಗುತ್ತದೆ. ತಿರುಳಿಗೆ ಹತ್ತಿರ ಹೋದಂತೆ ಅದು ಇನ್ನೊಂದು ನೀರಿನ ಅಣುವಿನಿಂದ ಒಂದು ಜಲಜನಕ ಪಡೆದು 19 ಆಗುತ್ತದೆ, ಅಲ್ಲಿ 19ರದೇ ಮೇಲುಗೈ. ಆ 19ರ ಪಕ್ಕದ 20ರ ಸ್ಥಾನದಲ್ಲಿ ಯೂರಿಯವರ ಭಾರಜಲಜನಕವಿರುವ ಅಯಾನುಗಳೂ ಇರುತ್ತವೆ. ಭಾರದ ಆಮ್ಲಜನಕದ ಪಾಲನ್ನು ಅದರಿಂದ ಕಳೆದು ಲೆಕ್ಕ ಹಾಕಿದಾಗ, ಹ್ಯಾಲಿಯ ನೀರಿನಲ್ಲಿ ನಮ್ಮ ಸಮುದ್ರಗಳಿಗಿಂತ ಸುಮಾರು ಎರಡು ಪಟ್ಟು ಭಾರಜಲಜನಕ ಇದೆಯೆಂದು ತಿಳಿಯಿತು. ಸಮುದ್ರದ ನೀರೆಲ್ಲ ಇಂಥ ಧೂಮಕೇತುಗಳಿಂದಲೇ ಬಂದಿದ್ದರೆ ಎರಡೂ ಹೊಂದಬೇಕಿತ್ತು.

2014ರಿಂದ 2016ರವರೆಗೆ ರೊಸೆಟ್ಟಾ ನೌಕೆ ಚುರ್ಯುಮೊವ್-ಗೆರಾಸಿಮೆಂಕೊ ಎಂಬ ಧೂಮಕೇತುವಿನ ಜೊತೆಯಲ್ಲೇ ಸಾಗಿತು. ಅದರ ರೋಸಿನಾ ಉಪಕರಣ ಇಂಗಾಲದ ಮಾನಾಕ್ಸೈಡನ್ನೂ ಸಾರಜನಕವನ್ನೂ ಬೇರೆ ಬೇರೆಯಾಗಿ ಗುರುತಿಸಿತು. ಎರಡರ ತೂಕವೂ 28. ಸೂಕ್ಷ್ಮವಾಗಿ ನೋಡಿದರೆ ಒಂದು 27.995, ಇನ್ನೊಂದು 28.006. ಆಸ್ಟನ್ ಬೆನ್ನುಹತ್ತಿದ್ದ ಆ ಚೂರು ವ್ಯತ್ಯಾಸವೇ ಇಲ್ಲಿ ಎರಡು ಅನಿಲಗಳನ್ನು ಬೇರ್ಪಡಿಸಿತು. ಈ ಧೂಮಕೇತುವಿನಲ್ಲಿ ಭಾರಜಲಜನಕ ಸಮುದ್ರದ ಮೂರು ಪಟ್ಟಿಗೂ ಹೆಚ್ಚು ಎಂದು ಮೊದಲು ಹೇಳಲಾಯಿತು. ಆದರೆ 2024ರಲ್ಲಿ ಅದೇ ಅಳತೆಗಳನ್ನು ಮತ್ತೆ ಪರಿಶೀಲಿಸಿದವರು, ತಿರುಳಿನ ಸಮೀಪದ ಧೂಳಿನ ಕಣಗಳಿಂದಾಗಿ ಸಂಖ್ಯೆ ಏರಿತ್ತೆಂದೂ ನಿಜವಾದ ಪ್ರಮಾಣ ಸಮುದ್ರದ ಪ್ರಮಾಣಕ್ಕೆ ಇನ್ನಷ್ಟು ಹತ್ತಿರವೆಂದೂ ತೋರಿಸಿದರು. ಸಮುದ್ರದ ಪ್ರಶ್ನೆ ಮತ್ತೆ ತೆರೆದುಕೊಂಡಿದೆ.

ಪ್ರಿಯ ವಿದ್ಯಾರ್ಥಿಗಳೇ, ತಪ್ಪು ಬಂದ ಮಾತ್ರಕ್ಕೆ ಅಳತೆ ವ್ಯರ್ಥವಲ್ಲ. ಅದನ್ನು ಮತ್ತೆ ನೋಡುವ ಧೈರ್ಯ ಬೇಕು, ಅಷ್ಟೇ. ನಿಮ್ಮ ಪ್ರಾಯೋಗಿಕ ತರಗತಿಯಲ್ಲಿ ಪುಸ್ತಕದ ಸಂಖ್ಯೆಗೂ ನಿಮಗೆ ಬಂದ ಸಂಖ್ಯೆಗೂ ಸ್ವಲ್ಪ ವ್ಯತ್ಯಾಸ ಬಂದರೆ, ರಬ್ಬರಿನಿಂದ ಅಳಿಸಿ ಪುಸ್ತಕದ್ದನ್ನೇ ಬರೆಯಬೇಡಿ. ಬಂದದ್ದನ್ನು ಬರೆಯಿರಿ, ಏಕೆ ಬಂತೆಂದು ಅಧ್ಯಾಪಕರನ್ನು ಕೇಳಿರಿ, ಮತ್ತೊಮ್ಮೆ ಅಳೆಯಿರಿ. 20.2 ಎಂಬಲ್ಲಿಯ ಆ 0.2 ಅನ್ನು ಬಿಡದೆ ಹಿಡಿದವರೇ ಆಸ್ಟನ್. 2061ರಲ್ಲಿ ಹ್ಯಾಲಿ ಧೂಮಕೇತು ಮತ್ತೆ ಬರಲಿದೆ. ಆಗ ಅದರ ಅಯಾನುಗಳನ್ನು ಅಳೆಯುವವರ ಸಾಲಿನಲ್ಲಿ ಇಂದು ಈ ಪುಟ ಓದುತ್ತಿರುವ ಒಬ್ಬರಾದರೂ ಇರಲಿ ಎಂಬುದು ನಮ್ಮ ಹಾರೈಕೆ.